ಧ್ವನಿಮುದ್ರಿಕೆಯಿಂದ ಗಣಕಕ್ಕೆ: ಪ್ರತಿ ತೆಗೆಯುವ ಕ್ರಮ

ಬರ್ಕತ್‌ಪುರದಲ್ಲಿ ನೆಲೆಸಿದ್ದ ನಮ್ಮ ಹಿರಿಯ ಮಿತ್ರರೊಬ್ಬರು ಕಾಲವಾದ ತರುವಾಯ ಅವರ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು ಉಳಿಯಿತು. ಅವರ ತಂದೆಯವರು, ರಾಯಚೂರು ಜಿಲ್ಲೆಯು ಇನ್ನೂ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿಂದ ನೌಕರಿಗಾಗಿ ಬಂದು ಇಲ್ಲಿಯೇ ನಿಂತವರು. ಟ್ರಂಕಿನ ತಳದಲ್ಲಿ ತಂದೆಯವರು ಕೊಂಡಿದ್ದ ಅರಗಿನ ಗ್ರಾಮಫೋನು ಪ್ಲೇಟುಗಳಿದ್ದುವು. ಅವುಗಳ ಮೇಲೆ ಕೆಲವು ಎಲ್.ಪಿ.ಗಳು, ಅವುಗಳ ಮೇಲೆ ಮಿತ್ರರು ಬೆಂಗಳೂರಿಗೂ ಧಾರವಾಡಕ್ಕೂ ಹೋದಾಗಲೆಲ್ಲ ತಂದ ಸಿ.ಡಿ.ಗಳು, ಎಲ್ಲಕ್ಕೂ ಮೇಲೆ, ಅಮೆರಿಕದಲ್ಲಿರುವ ಮಗನು ಕಳುಹಿಸಿದ್ದ ಪಾಶ್ಚಾತ್ಯ ಸಂಗೀತದ ನಾಲ್ಕು ಸೂಪರ್ ಆಡಿಯೋ ಸಿ.ಡಿ.ಗಳು. ಮೂರು ತಲೆಮಾರುಗಳು ಕೇಳಿದ್ದೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಪದರ ಪದರವಾಗಿ ಕುಳಿತಿತ್ತು. ಇವನ್ನೆಲ್ಲ ಗಣಕಕ್ಕೆ ಹಾಕಿಸಿ ಪೆಟ್ಟಿಗೆಯನ್ನು ಖಾಲಿ ಮಾಡಬಹುದೇ ಎಂದು ಮಕ್ಕಳು ಕೇಳಿದರು. ಹಾಕಿಸಬಹುದು, ಖಾಲಿ ಮಾಡಬಾರದು ಎಂದು ಹೇಳಿದೆನು.

ಅಷ್ಟು ಹೊತ್ತಿಗೆ ಒಂದು ಅನಾಹುತ ನಡೆದುಹೋಗಿತ್ತು. ತಳದ ಪ್ಲೇಟುಗಳಲ್ಲಿ ಕೆಲವನ್ನು ಅವರು ಹಿಂದೆಯೇ ಒಂದು ಅಂಗಡಿಗೆ ಕೊಟ್ಟಿದ್ದರು. ಅಂಗಡಿಯವನು ಅವನ್ನು ಎಂ.ಪಿ.3 ಕಡತಗಳಾಗಿ ಮಾಡಿ ಹೆಬ್ಬೆರಳಿನಷ್ಟಿದ್ದ ಪೆನ್ ಡ್ರೈವಿನಲ್ಲಿ ತುಂಬಿ ಕೊಟ್ಟನು, ಪ್ಲೇಟುಗಳು ಹಿಂದಿರುಗಲಿಲ್ಲ. ಕಡತಗಳಿಗೆ ಒಂದನೆಯ ಹಾಡು, ಎರಡನೆಯ ಹಾಡು ಎಂಬುದಕ್ಕಿಂತ ಬೇರೆ ಹೆಸರಿಲ್ಲ. ಅವುಗಳಲ್ಲಿ ಒಂದರಲ್ಲಿ ಹೆಂಗಸೊಬ್ಬರು ಕನ್ನಡ ದೇವರನಾಮವೊಂದನ್ನು ಹಾಡುತ್ತಾರೆ. ಕಂಠವು ಅಪೂರ್ವವಾದುದು. ಅವರು ಯಾರು, ಯಾವ ಕಂಪೆನಿಗೆ ಹಾಡಿದರು ಎಂಬುದನ್ನು ತಿಳಿಸುತ್ತಿದ್ದ ಲೇಬಲ್ಲು ಪ್ಲೇಟಿನೊಡನೆಯೇ ಹೋಯಿತು. ಪ್ರಕೃತ ಲೇಖನಕ್ಕೆ ಪ್ರೇರಣೆ ಇದೇ.

ಹಸ್ತಪ್ರತಿಗಳ ಪರಿಚಯವುಳ್ಳ ವಾಚಕರಿಗೆ ಈ ಕಾರ್ಯದ ಸ್ವರೂಪವನ್ನು ತಿಳಿಸುವುದು ಕಷ್ಟವಲ್ಲ. ಓಲೆಯ ಪ್ರತಿಯನ್ನು ಕಾಗದಕ್ಕೆ ಇಳಿಸುವುದರಲ್ಲಿ ಎರಡು ಕೆಲಸಗಳು ಅಡಗಿವೆ: ಮಾತೃಕೆಯಲ್ಲಿರುವುದನ್ನು ಇದ್ದಂತೆ ಓದುವುದು ಒಂದು, ಓದಿದ್ದನ್ನು ಬೇರೊಂದು ರೂಪದಲ್ಲಿ ಬರೆದಿಡುವುದು ಇನ್ನೊಂದು. ಧ್ವನಿಮುದ್ರಿಕೆಯ ವಿಷಯದಲ್ಲಿಯೂ ಹಾಗೆಯೇ. ಬಿಲ್ಲೆಯಲ್ಲಿರುವುದನ್ನು ಹೊರತೆಗೆಯುವುದಕ್ಕೆ ‘ರಿಪ್ಪಿಂಗ್’ ಎಂದೂ, ತೆಗೆದುದನ್ನು ಮತ್ತೊಂದು ಬಗೆಯ ಕಡತವಾಗಿ ಮಾರ್ಪಡಿಸುವುದಕ್ಕೆ ‘ಕನ್ವರ್ಷನ್’ ಎಂದೂ ಈ ಕಸುಬಿನವರು ಹೇಳುತ್ತಾರೆ. ನಾವು ಮೊದಲನೆಯದನ್ನು ಪಾಠಗ್ರಹಣವೆಂದೂ ಎರಡನೆಯದನ್ನು ರೂಪಾಂತರವೆಂದೂ ಕರೆಯೋಣ. ಪಾಠಗ್ರಹಣದಲ್ಲಿ ತಪ್ಪಿದರೆ ರೂಪಾಂತರವು ಎಷ್ಟು ಜಾಣತನದಿಂದ ನಡೆದರೂ ಪ್ರಯೋಜನವಿಲ್ಲ.

ಮೊದಲು ನಡುವಿನ ಪದರವಾದ ಸಿ.ಡಿ.ಯನ್ನು ತೆಗೆದುಕೊಳ್ಳಬಹುದು. ಸೋನಿ ಮತ್ತು ಫಿಲಿಪ್ಸ್ ಕಂಪೆನಿಗಳು ಜೊತೆಗೂಡಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಈ ಬಿಲ್ಲೆಯಲ್ಲಿರುವುದು ಸಂಖ್ಯೆಗಳು. ನಾದತರಂಗದ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಂದರೆ 65,536 ಮೆಟ್ಟಿಲುಗಳ ಏಣಿಯ ಮೇಲೆ ಒಂದು ಮೆಟ್ಟಿಲಾಗಿ, ಗುರುತು ಮಾಡಿರುತ್ತಾರೆ. ಎಡ ಬಲ ಎರಡು ವಾಹಿನಿಗಳೂ ಸೇರಿ ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಮೆಗಾಬೈಟುಗಳಾಗುತ್ತವೆ. ಅಳತೆಯ ವೇಗದ ಅರ್ಧಕ್ಕಿಂತ ಕೆಳಗಿನ ಕಂಪನಗಳನ್ನು ಮಾತ್ರ ಇಂಥ ಕ್ರಮವು ಹಿಡಿಯಬಲ್ಲುದು, ಆದಕಾರಣ ಸಿ.ಡಿ.ಯ ಮೇಲ್ಮಿತಿ ಸೆಕೆಂಡಿಗೆ 22,050 ಕಂಪನ. ಮನುಷ್ಯನ ಕಿವಿ ಯೌವನದಲ್ಲಿ ಸುಮಾರು 20,000ದವರೆಗೆ ಕೇಳುತ್ತದೆ. ನಮ್ಮ ಸಂಘದ ಸಭೆಗಳಿಗೆ ತಪ್ಪದೆ ಬರುವವರ ವಯಸ್ಸನ್ನು ನೋಡಿದರೆ ಅರ್ಧಕ್ಕಿಂತ ತುಸು ಹೆಚ್ಚು ಎಂದಿಟ್ಟುಕೊಂಡರೆ ಸಾಕು.

ಸಂಖ್ಯೆಗಳೇ ಇರುವುದರಿಂದ ಪ್ರತಿ ತೆಗೆಯುವುದು ಸುಲಭವೆಂದು ತೋರುತ್ತದೆ. ಆದರೆ ಈ ಬಿಲ್ಲೆಯನ್ನು ರೂಪಿಸಿದವರು ಅದನ್ನು ಕೇಳುವುದಕ್ಕಾಗಿ ರೂಪಿಸಿದರು. ಗೀರು ಬಿದ್ದು ಓದಲಾಗದ ಕಡೆ ಯಂತ್ರವು ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ತುಂಬಿದ್ದನ್ನು ನಮಗೆ ತಿಳಿಸುವುದಿಲ್ಲ. ತ್ರುಟಿತವಾದ ಪದ್ಯವನ್ನು ತನ್ನ ಕವಿತಾಶಕ್ತಿಯಿಂದ ಪೂರ್ಣಗೊಳಿಸಿ ಸುಮ್ಮನಾಗುವ ಲಿಪಿಕಾರನಂತೆ. ಇದಕ್ಕೆ ಪರಿಹಾರವಾಗಿ ‘ಎಕ್ಸಾಕ್ಟ್ ಆಡಿಯೋ ಕಾಪಿ’, ‘ಸಿಡಿಪ್ಯಾರನೋಯಾ’ ಮೊದಲಾದ ತಂತ್ರಾಂಶಗಳಿವೆ. ಇವು ಸಂಶಯವಿರುವ ಭಾಗವನ್ನು ಮರಳಿ ಮರಳಿ ಓದಿ, ಓದುಗಳು ಒಂದಕ್ಕೊಂದು ಹೊಂದುವವರೆಗೆ ಬಿಡುವುದಿಲ್ಲ. ಹೊಂದದಿದ್ದರೆ ಹಾಗೆಂದು ವರದಿಯಲ್ಲಿ ಬರೆಯುತ್ತವೆ. ಅದೇ ಬಿಲ್ಲೆಯನ್ನು ಬೇರೆಯವರು ಓದಿ ಪಡೆದ ಫಲದೊಡನೆ ನಮ್ಮದನ್ನು ತಾಳೆ ನೋಡುವ ‘ಅಕ್ಯುರೇಟ್‌ರಿಪ್’ ಎಂಬ ಏರ್ಪಾಡೂ ಉಂಟು. ನಾನು ಇಟ್ಟು ನೋಡಿದ ಕನ್ನಡ ಬಿಲ್ಲೆಗಳಲ್ಲಿ ಬಹುಪಾಲು ಅದರಲ್ಲಿ ದೊರೆಯಲಿಲ್ಲ. ಹೀಗಿರುವಲ್ಲಿ ನಮಗೆ ಉಳಿಯುವುದು ಹಳೆಯ ದಾರಿಯೇ: ಬೇರೆ ಬೇರೆ ಎರಡು ಡ್ರೈವುಗಳಲ್ಲಿ ಓದಿಸಿ ಎರಡು ಪಾಠಗಳನ್ನೂ ಹೋಲಿಸುವುದು. ಹೊಸ ಗಣಕಗಳಲ್ಲಿ ಡ್ರೈವು ಇರುವುದಿಲ್ಲ. ಕೋಠಿಯ ಗುಜರಾತಿ ಗಲ್ಲಿಯಲ್ಲಾಗಲಿ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರಿನಲ್ಲಾಗಲಿ ವಿಚಾರಿಸಿದರೆ ಹೊರಗಿನಿಂದ ಜೋಡಿಸುವಂಥದು ಸಿಕ್ಕುತ್ತದೆ.

ಇಲ್ಲಿ ನಮ್ಮ ಸಂಘದ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ನಮ್ಮ ಸಾಹಿತ್ಯಗೋಷ್ಠಿಗಳ ಕೆಲವು ಕ್ಯಾಸೆಟ್ಟುಗಳನ್ನು ಬಹಳ ಉತ್ಸಾಹದಿಂದ ಸಿ.ಡಿ.ಗಳಿಗೆ ಬರೆಸಿ, ಕ್ಯಾಸೆಟ್ಟುಗಳನ್ನು ಹೊರಗೆ ಹಾಕಿದೆವು. ಮನೆಯಲ್ಲಿ ಬರೆಯುವ ಸಿ.ಡಿ.ಯು ಕಾರ್ಖಾನೆಯಲ್ಲಿ ಒತ್ತಿದ ಸಿ.ಡಿ.ಯಂತಲ್ಲ. ಒತ್ತಿದ ಬಿಲ್ಲೆಯಲ್ಲಿ ಗುರುತುಗಳು ಕುಳಿಗಳಾಗಿರುತ್ತವೆ. ಬರೆದ ಬಿಲ್ಲೆಯಲ್ಲಿ ಅವು ಒಂದು ಬಣ್ಣದ ಲೇಪದ ಮೇಲಿನ ಕಲೆಗಳು. ಬಿಸಿಲಿಗೂ ಸೆಕೆಗೂ ಆ ಬಣ್ಣ ಮಾಸುತ್ತದೆ. ತಗಡಿನ ಬೀರುವಿನಲ್ಲಿ ಹೈದರಾಬಾದಿನ ಬೇಸಗೆಗಳನ್ನು ಕಳೆದ ನಮ್ಮ ಬಿಲ್ಲೆಗಳಲ್ಲಿ ಕೆಲವು ಈಗ ಅರ್ಧದಲ್ಲಿಯೇ ನಿಲ್ಲುತ್ತವೆ. ಆದುದರಿಂದ ಯಾರ ಮನೆಯಲ್ಲಾದರೂ ಕೈಬರಹದಲ್ಲಿ ಹೆಸರು ಬರೆದ ಸಿ.ಡಿ.ಗಳಿದ್ದರೆ ಮೊದಲು ಅವನ್ನು ಓದಿಸತಕ್ಕದ್ದು. ಅಂಗಡಿಯಲ್ಲಿ ಕೊಂಡ ಬಿಲ್ಲೆಗಳು ಕಾಯಬಲ್ಲವು.

ಓದಿದ ಪಾಠವನ್ನು ಇಡಲು ‘ಫ್ಲ್ಯಾಕ್’ ಎಂಬ ಕಡತರೂಪವು ಉತ್ತಮ. ಅದು ಸಂಖ್ಯೆಗಳನ್ನು ಮಡಿಸಿ ಗಾತ್ರವನ್ನು ಅರ್ಧದ ಸುಮಾರಿಗೆ ಇಳಿಸುತ್ತದೆ. ಬಿಚ್ಚಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಿರುವುದಿಲ್ಲ. ಎಂ.ಪಿ.3 ಹಾಗಲ್ಲ. ಕಿವಿಗೆ ಬೇಡವೆಂದು ತಾನು ಭಾವಿಸಿದ್ದನ್ನು ಅದು ಎಸೆಯುತ್ತದೆ, ಎಸೆದುದನ್ನು ಮರಳಿ ಪಡೆಯಲಾಗುವುದಿಲ್ಲ. ಎಂ.ಪಿ.3ನ್ನು ಮತ್ತೆ ಫ್ಲ್ಯಾಕ್ ಮಾಡಿಕೊಡುತ್ತೇವೆನ್ನುವವರು ಸಂಗ್ರಹವನ್ನು ಗ್ರಂಥವೆಂದು ಮಾರುವವರು.

ಇನ್ನು ಮೇಲಿನ ಪದರ. 1999ರಲ್ಲಿ ಅದೇ ಎರಡು ಕಂಪೆನಿಗಳು ಸೂಪರ್ ಆಡಿಯೋ ಸಿ.ಡಿ.ಯನ್ನು ಹೊರತಂದುವು, 2000ದಲ್ಲಿ ಅದಕ್ಕೆ ಪ್ರತಿಸ್ಪರ್ಧಿಯಾಗಿ ಡಿ.ವಿ.ಡಿ.-ಆಡಿಯೋ ಬಂದಿತು. ಉಚ್ಚ ಸೂಕ್ಷ್ಮತೆಯ ಮುದ್ರಿಕೆಗಳೆಂದು ಹೇಳುವುದು ಇವನ್ನೇ. ಡಿ.ವಿ.ಡಿ.-ಆಡಿಯೋದ ಮಾತು ಬೇಗ ಮುಗಿಯುತ್ತದೆ. ಅದು ಸಿ.ಡಿ.ಯ ಮಾರ್ಗದಲ್ಲಿಯೇ ಮುಂದುವರಿದುದು: ಅಳತೆ 24 ಬಿಟ್, ವೇಗ ಎರಡು ವಾಹಿನಿಗಳಾದರೆ ಸೆಕೆಂಡಿಗೆ 1,92,000ದವರೆಗೆ. ಗಣಕದ ಸಾಮಾನ್ಯ ಡಿ.ವಿ.ಡಿ. ಡ್ರೈವಿಗೆ ಅದು ನಿಲುಕುತ್ತದೆ, ಒಳಗಿನ ಸಂಖ್ಯೆಗಳು ಅನೇಕ ವೇಳೆ ಗೂಢಲಿಪಿಯಲ್ಲಿದ್ದರೂ.

ಸೂಪರ್ ಆಡಿಯೋ ಸಿ.ಡಿ.ಯ ಪದ್ಧತಿಯೇ ಬೇರೆ. ಅಲ್ಲಿ ಏಣಿಯಿಲ್ಲ, ಒಂದೇ ಒಂದು ಬಿಟ್. ಆದರೆ ಅದನ್ನು ಸೆಕೆಂಡಿಗೆ 28,22,400 ಸಲ, ಎಂದರೆ ಸಿ.ಡಿ.ಯ 64 ಪಟ್ಟು ವೇಗದಲ್ಲಿ, ಬರೆಯುತ್ತಾರೆ. ತರಂಗವು ಎತ್ತರದಲ್ಲಿರುವಾಗ ಒಂದುಗಳು ದಟ್ಟವಾಗುತ್ತವೆ, ತಗ್ಗಿನಲ್ಲಿರುವಾಗ ಸೊನ್ನೆಗಳು ದಟ್ಟವಾಗುತ್ತವೆ. ವರ್ತಮಾನ ಪತ್ರಿಕೆಯ ಚಿತ್ರದಲ್ಲಿ ಕರಿಯ ಚುಕ್ಕೆಗಳ ದಟ್ಟಣೆಯಿಂದಲೇ ನೆರಳು ಬೆಳಕುಗಳು ಮೂಡುವಂತೆ ಇಲ್ಲಿ ನಾದವು ಮೂಡುತ್ತದೆ. ಒಂದು ಗಂಟೆಯ ಎರಡು ವಾಹಿನಿಗಳಿಗೆ ಎರಡೂವರೆ ಗಿಗಾಬೈಟುಗಳು ಬೇಕು.

ಈ ಬಿಲ್ಲೆಗಳಲ್ಲಿ ಹೆಚ್ಚಿನವು ಎರಡು ಅಂತಸ್ತಿನ ಮನೆಗಳು. ಬಿಲ್ಲೆಯ ದಪ್ಪ 1.2 ಮಿಲಿಮೀಟರು, ಅದರ ಆಚೆಯ ಮುಖದಲ್ಲಿ ಸಾಮಾನ್ಯ ಸಿ.ಡಿ.ಯ ಪದರವೂ, 0.6 ಮಿಲಿಮೀಟರಿನ ಆಳದಲ್ಲಿ ಸೂಕ್ಷ್ಮವಾದ ಪದರವೂ ಇರುತ್ತವೆ. ನಡುವಿನ ಪದರವು ಸಿ.ಡಿ. ಯಂತ್ರದ ಅವಕೆಂಪು ಕಿರಣವನ್ನು ದಾಟಗೊಡುತ್ತದೆ, ಡಿ.ವಿ.ಡಿ. ವರ್ಗದ ಕೆಂಪು ಕಿರಣವನ್ನು ಪ್ರತಿಫಲಿಸುತ್ತದೆ. ಇದರಿಂದ ಇಂಥ ಬಿಲ್ಲೆಯನ್ನು ಯಾವ ಸಿ.ಡಿ. ಯಂತ್ರದಲ್ಲಿಟ್ಟರೂ ಹಾಡುತ್ತದೆ. ವಂಚನೆಗೆ ಎಡೆಯಿರುವುದೂ ಇಲ್ಲಿಯೇ. ಗಣಕದ ಡ್ರೈವು ಒಂದು ಅಂತಸ್ತಿಗೆ ಮಾತ್ರ ಪ್ರವೇಶಿಸಬಲ್ಲುದು. ಸೂಕ್ಷ್ಮ ಪದರದ ಬೀಗವನ್ನು ತೆರೆಯುವ ಗುರುತನ್ನು ಕುಳಿಗಳ ರಚನೆಯಲ್ಲಿಯೇ ಹುದುಗಿಸಿರುವುದರಿಂದ ಅದು ಆ ಕಡೆಗೆ ಕುರುಡು. ಅಂಗಡಿಯವನು ಸಿ.ಡಿ. ಪದರವನ್ನು ಓದಿ, ಸಂಖ್ಯೆಗಳನ್ನು 96,000ಕ್ಕೆ ಹಿಗ್ಗಿಸಿ, ಉಚ್ಚ ಸೂಕ್ಷ್ಮತೆಯ ಕಡತವೆಂದು ಕೊಡಬಹುದು. ಪರೀಕ್ಷಿಸುವ ಉಪಾಯ ಸರಳವಾಗಿದೆ. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ಕಡತದ ಕಂಪನಚಿತ್ರವನ್ನು ತೆರೆದು ನೋಡಬೇಕು. 22,050ರ ಹತ್ತಿರ ಗೋಡೆ ಕಟ್ಟಿದಂತೆ ಎಲ್ಲವೂ ನಿಂತುಹೋಗಿದ್ದರೆ ಬಂದದ್ದು ಕೆಳಗಿನ ಅಂತಸ್ತಿನಿಂದ ಎಂದು ಬಲವಾಗಿ ಸಂಶಯಿಸಬಹುದು.

ಹಾಗಾದರೆ ಸೂಕ್ಷ್ಮ ಪದರವನ್ನು ತಲಪುವ ಬಗೆ ಹೇಗೆ? 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದ ಮೊದಲ ಮಾದರಿಗಳು ಈ ಬಿಲ್ಲೆಗಳನ್ನು ನುಡಿಸುತ್ತಿದ್ದುವು. 2011ರ ಸುಮಾರಿಗೆ, ಹಳೆಯ ತಂತ್ರಾಂಶವನ್ನು ಉಳಿಸಿಕೊಂಡಿದ್ದ ಅಂಥ ಯಂತ್ರಗಳಿಂದ ಒಳಗಿನ ಸಂಖ್ಯೆಗಳನ್ನು ಹೊರತೆಗೆಯುವುದನ್ನು ಹವ್ಯಾಸಿಗಳು ಕಂಡುಹಿಡಿದರು. ಮುಂದೆ ಕೆಲವು ಬ್ಲೂ-ರೇ ಪ್ಲೇಯರುಗಳಿಂದಲೂ ಅದು ಸಾಧ್ಯವಾಯಿತು. ಅಂಥ ಪ್ಲೇಯರುಗಳಿಗೆ ಹೆಸರಾಗಿದ್ದ ಒಪ್ಪೋ ಡಿಜಿಟಲ್ ಕಂಪೆನಿಯು ತಯಾರಿಕೆಯನ್ನು ಕೈಬಿಡುವುದಾಗಿ 2018ರಲ್ಲಿ ಪ್ರಕಟಿಸಿತು. ಇಪ್ಪತ್ತೈದು ವರ್ಷ ತುಂಬುವುದರೊಳಗೆ, ಅತ್ಯಂತ ಸೂಕ್ಷ್ಮವೆನಿಸಿಕೊಂಡ ಈ ಬಿಲ್ಲೆಯ ಪೂರ್ಣಪಾಠವು ಜುಮ್ಮೇರಾತ್ ಬಜಾರಿನಂಥ ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕಬಹುದಾದ ಯಂತ್ರಗಳನ್ನು ಅವಲಂಬಿಸುವಂತಾಯಿತು. ಅದರ ತಾತನಾದ ಅರಗಿನ ಪ್ಲೇಟನ್ನು ಒಂದು ಸೂಜಿಯೂ ಒಂದು ಕಾಗದದ ಕೊಳವೆಯೂ ಇದ್ದರೆ ಇಂದಿಗೂ ಅಸ್ಪಷ್ಟವಾಗಿಯಾದರೂ ಕೇಳಬಹುದು.

ಹೊರಬಂದುದನ್ನು ಡಿ.ಎಸ್.ಎಫ್. ಎಂಬ ಕಡತರೂಪದಲ್ಲಿ ಮೂಲದ ಒಂದು ಬಿಟ್ಟಿನ ಕ್ರಮದಲ್ಲಿಯೇ ಇಡುವುದು ಮೇಲು, ಅದೇ ಮಾತೃಕೆ. ನಿತ್ಯದ ಉಪಯೋಗಕ್ಕಾಗಿ ಅದನ್ನು 24 ಬಿಟ್ಟಿನ ಫ್ಲ್ಯಾಕ್ ಆಗಿ ರೂಪಾಂತರಿಸುವಾಗ 88,200 ಅಥವಾ 1,76,400ರ ವೇಗವನ್ನು ಆರಿಸತಕ್ಕದ್ದು. ಇವು ಮೂಲವೇಗವನ್ನು 32ರಿಂದಲೂ 16ರಿಂದಲೂ ಶೇಷವಿಲ್ಲದೆ ಭಾಗಿಸಿದರೆ ಬರುತ್ತವೆ. 96,000ಕ್ಕೆ ಹೋದರೆ 29.4 ಎಂಬ ಭಿನ್ನರಾಶಿಯೊಡನೆ ಗಣಕವು ಹೆಣಗಬೇಕಾಗುತ್ತದೆ. ಇನ್ನೆರಡು ಎಚ್ಚರಿಕೆಗಳುಂಟು. ಒಂದೇ ಬಿಟ್ಟಿನ ಒರಟುತನದಿಂದ ಹುಟ್ಟುವ ಸದ್ದನ್ನು ಕಿವಿಗೆ ನಿಲುಕದ ಮೇಲಿನ ಕಂಪನಗಳಿಗೆ ತಳ್ಳಿರುತ್ತಾರೆ, ಅದನ್ನು ಶೋಧಿಸಿ ತೆಗೆಯಬೇಕು. ರೂಪಾಂತರದ ಬಳಿಕ ಧ್ವನಿಯು ಸುಮಾರು 6 ಡೆಸಿಬೆಲ್ ತಗ್ಗಿದಂತೆ ಕೇಳುತ್ತದೆ. ಅದನ್ನು ಏರಿಸುವ ಆತುರದಲ್ಲಿ ಶಿಖರಗಳು ಕತ್ತರಿಸಿಹೋಗದಂತೆ ನೋಡಿಕೊಳ್ಳಬೇಕು.

ಇಷ್ಟು ಶ್ರಮಕ್ಕೆ ತಕ್ಕ ಫಲವನ್ನು ಕಿವಿ ಕಾಣುತ್ತದೆಯೇ? 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ಸೂಕ್ಷ್ಮ ಮುದ್ರಿಕೆಗಳ ನಾದವನ್ನು ನಡುವೆ ಸಿ.ಡಿ.ಯ ಅಳತೆಗೆ ಇಳಿಸಿ, ಇಳಿಸದೆ, ಕೇಳುಗರಿಗೆ ಕೇಳಿಸಿದರು. ಸಾಮಾನ್ಯ ಗಟ್ಟಿತನದಲ್ಲಿ ಅವರ ಉತ್ತರಗಳು ನಾಣ್ಯ ಚಿಮ್ಮಿದಂತಿದ್ದುವು. 2016ರಲ್ಲಿ ರೀಸ್ ಎಂಬ ವಿದ್ವಾಂಸರು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, ಅತ್ಯಲ್ಪವಾದರೂ ವ್ಯತ್ಯಾಸವು ಗೊತ್ತಾಗುತ್ತದೆಂದು ತೀರ್ಮಾನಿಸಿದರು. ಮೊದಲಿನವರೇ ಹೇಳಿದ ಇನ್ನೊಂದು ಮಾತು ನಮಗೆ ಮುಖ್ಯ: ಈ ಬಿಲ್ಲೆಗಳಲ್ಲಿ ಅನೇಕವು ಸೊಗಸಾಗಿ ಕೇಳುವುದಕ್ಕೆ ಕಾರಣ ಅವನ್ನು ಹೆಚ್ಚು ಶ್ರದ್ಧೆಯಿಂದ ಸಿದ್ಧಪಡಿಸಿದುದು.

ನನ್ನ ಅಭಿಪ್ರಾಯದಲ್ಲಿ ನಮ್ಮ ಮನೆಗಳಲ್ಲಿರುವ ನಿಜವಾದ ಸೂಕ್ಷ್ಮ ಮುದ್ರಿಕೆಗಳು ಟ್ರಂಕಿನ ತಳದವು. ಸಿ.ಡಿ.ಯನ್ನು 16 ಬಿಟ್‌ಗಿಂತ ಹೆಚ್ಚಾಗಿ ಓದಿದರೆ ಏನೂ ಸಿಕ್ಕದು, ಇರುವುದೇ ಅಷ್ಟು. ಆದರೆ ಪ್ಲೇಟಿನ ಗೆರೆಯು ಅಖಂಡವಾದುದು. ಅದರಲ್ಲಿ ಹಾಡೂ ಇದೆ, ಸವಕಳಿಯೂ ಇದೆ, ಗೀರೂ ಇದೆ. ಗೀರಿನ ಸದ್ದು ಬಹಳ ಮೇಲಿನ ಕಂಪನಗಳವರೆಗೆ ಚಾಚುವುದರಿಂದ, ಅದನ್ನು ಪೂರ್ಣವಾಗಿ ಹಿಡಿದರೆ ಮಾತ್ರ ಮುಂದೆ ಹಾಡಿನಿಂದ ಬೇರ್ಪಡಿಸುವುದು ಸುಲಭ. ಅಂತರರಾಷ್ಟ್ರೀಯ ಧ್ವನಿಸಂಗ್ರಹಾಲಯಗಳ ಸಂಘವು ಇಂಥ ಮುದ್ರಿಕೆಗಳಿಗೆ 24 ಬಿಟ್ ಅಳತೆಯನ್ನೂ, ಕನಿಷ್ಠ 48,000 ಮತ್ತು ಮೇಲಾಗಿ 96,000ದ ವೇಗವನ್ನೂ ವಿಧಿಸಿದೆ. ಒಂದು ಗಂಟೆಗೆ ಎರಡು ಗಿಗಾಬೈಟು. ಹತ್ತು ಅಂಗುಲದ ಪ್ಲೇಟಿನ ಒಂದು ಮುಖ ಮೂರು ನಿಮಿಷವಷ್ಟೇ.

ಸೂಜಿಯ ವಿಷಯದಲ್ಲಿ ಉದಾಸೀನ ಸಲ್ಲದು. ಅರಗಿನ ಪ್ಲೇಟಿನ ಗೆರೆ ಅಗಲವಾದುದು. ಅದಕ್ಕೆ ಅಂಗುಲದ ಸಾವಿರದಲ್ಲಿ ಮೂರು ಪಾಲಿನಷ್ಟು ತುದಿಯ ಸೂಜಿ ಬೇಕು. ಎಲ್.ಪಿ.ಯ ಸೂಜಿ ಅದರ ಮೂರರಲ್ಲೊಂದು. ಅದನ್ನೇ ಇಟ್ಟರೆ ಗೆರೆಯ ತಳದ ಕೊಳೆಯನ್ನು ಉಳುತ್ತ ಹೋಗುತ್ತದೆ. ಶುದ್ಧೀಕರಿಸಿದ ನೀರಿನಿಂದ ತೊಳೆಯಬಹುದು. ಸ್ಪಿರಿಟ್ಟನ್ನು ಸೋಕಿಸಬಾರದು, ಅರಗು ಅದರಲ್ಲಿ ಕರಗುತ್ತದೆ. ವೇಗವನ್ನು ಲೇಬಲ್ಲು ಹೇಳಿದಂತೆ ನಂಬುವ ಹಾಗೂ ಇಲ್ಲ. ಹಳೆಯ ಮುದ್ರಣಗಳು ನಿಮಿಷಕ್ಕೆ 78 ಸುತ್ತಿಗಿಂತ ಹೆಚ್ಚು ಕಡಮೆ ಇರುತ್ತಿದ್ದುವು. ಶೇಕಡ 6ರಷ್ಟು ತಪ್ಪಿದರೆ ಶ್ರುತಿಯು ಹಾರ್ಮೋನಿಯಮ್ಮಿನ ಒಂದು ಮನೆ ಜಾರುತ್ತದೆ. ಸಂಗೀತ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು ಕೇಳದೆ ಇದನ್ನು ನಿರ್ಧರಿಸಲಾಗದು.

ಇದು ಕೇವಲ ಸೂಕ್ಷ್ಮಾಸಕ್ತರ ಚಿಂತೆಯಲ್ಲವೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ಉದಾಹರಣೆಯೊಂದೇ ಸಾಕು. ನಾವೆಲ್ಲ ಬಲ್ಲ ಅವರ ಗಂಭೀರವಾದ ಕಂಠವು ಗಂಟಲಿನ ವ್ಯಾಧಿ ಚಿಕಿತ್ಸೆಗಳ ಅನಂತರ ಬಂದುದು. ಅದಕ್ಕೆ ಹಿಂದಿನ, 1930ರ ದಶಕದ ಅವರ ಕಂಠ ತೆಳುವಾದುದು, ತಾರವಾದುದು. ಅದು ಉಳಿದಿರುವುದು ಆ ಕಾಲದ ಪ್ಲೇಟುಗಳಲ್ಲಿ. ಅವುಗಳ ಮೇಲಿನ ಹೆಸರಾದರೂ ಗಂಗೂಬಾಯಿಯೆಂದಲ್ಲ, ಗಾಂಧಾರಿಯೆಂದು. ಶ್ರುತಿ ತಪ್ಪಿದ, ಹೆಸರು ಕಳೆದ ಎಂ.ಪಿ.3 ಕಡತವಾಗಿ ಆ ಹಾಡು ಕೈಗೆ ಸಿಕ್ಕಿದರೆ, ಧಾರವಾಡದವರೇ ಆದರೂ, ಅವರನ್ನು ಗುರುತಿಸುವುದು ದುಸ್ತರ.

ಹೆಸರಿನ ಬೆಲೆಯನ್ನು ಮೊದಲಿನವರು ಅರಿತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನರ ಹಾಡುಗಳನ್ನು ಗೈಸ್‌ಬರ್ಗ್ ಎಂಬವರು ಮುದ್ರಿಸಿಕೊಂಡಾಗ, ಪ್ಲೇಟುಗಳು ಜರ್ಮನಿಯ ಹ್ಯಾನೋವರಿನಲ್ಲಿ ಸಿದ್ಧವಾಗಬೇಕಾಗಿದ್ದುವು. ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಆಕೆ ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆಕೆ ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಹೆಸರು ಮಾತ್ರ ಹಾಡಿಗೆ ಅಂಟಿಕೊಂಡೇ ಇದೆ. ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಆಕೆಯ ಜೀವನಚರಿತ್ರೆಯನ್ನು ಬರೆದು, ಗ್ರಾಮಫೋನು ಯುಗದ ಮುದ್ರಿಕೆಗಳನ್ನು ಗಣಕಕ್ಕೆ ತರುವ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಾವು ನಮ್ಮ ಮಟ್ಟಿಗೆ, ಪಿ.ಬಿ. ದೇಸಾಯಿಯವರು ಹೈದರಾಬಾದು ಪುರಾತತ್ತ್ವ ಗ್ರಂಥಮಾಲೆಯಲ್ಲಿ 1958ರಲ್ಲಿ ಈ ಸೀಮೆಯ ಕನ್ನಡ ಶಾಸನಗಳನ್ನು ಹೊರತಂದ ಶಿಸ್ತನ್ನು ನೆನೆದರೆ ಸಾಕು: ಪಾಠದೊಡನೆ ಕಲ್ಲಿನ ವಿವರವೂ ಇರಬೇಕು. ಲೇಬಲ್ಲಿನ ಛಾಯಾಚಿತ್ರ, ಪ್ಲೇಟಿನ ಸಂಖ್ಯೆ, ಗೆರೆಗಳು ಮುಗಿಯುವ ಕಡೆ ಕೊರೆದಿರುವ ಸಣ್ಣ ಅಂಕಿಗಳು, ಯಾರ ಮನೆಯದು ಎಂಬುದು, ಬಳಸಿದ ಸೂಜಿ, ವೇಗ, ದಿನಾಂಕ, ಇವೆಲ್ಲ ಕಡತದೊಳಗೇ ಕನ್ನಡದಲ್ಲಿ ಸೇರಬೇಕು.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1960ರ ಮುದ್ರಿಕೆಯದು 2020ರ ಕೊನೆಗೆ ಮುಗಿಯಿತು. ಹಾಡಿನ ಸಾಹಿತ್ಯದ ಹಕ್ಕು ಬೇರೆ, ಅದು ಕವಿಯ ಮರಣಾನಂತರ 60 ವರ್ಷ ನಡೆಯುತ್ತದೆ. ಸ್ವಂತ ಉಪಯೋಗಕ್ಕೂ ಸಂಶೋಧನೆಗೂ ನ್ಯಾಯವಾದ ಮಿತಿಯಲ್ಲಿ 52ನೆಯ ಕಲಮು ಅವಕಾಶ ಕೊಡುತ್ತದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಡಬಹುದು; ಆದರೆ ಅದರಲ್ಲಿರುವ ಪ್ರತಿ ಅಂಕಿರೂಪದ್ದಾಗಿರಬಾರದೆಂಬ ಮಾತಿದೆ. ಎಂದರೆ ಪ್ಲೇಟಿಗೆ ಈ ರಕ್ಷೆ ಸಲ್ಲುತ್ತದೆ, ಸಿ.ಡಿ.ಗೆ ಸಲ್ಲುವುದಿಲ್ಲ. ಮಾಸುತ್ತಿರುವ ಸಿ.ಡಿ.ಗಳನ್ನು ಕಂಡವರಿಗೆ ಇದು ವಿಚಿತ್ರವಾಗಿ ತೋರದೆ ಇರದು. 2012ರಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗವನ್ನು ಮುರಿಯುವುದನ್ನು ಶಿಕ್ಷಾರ್ಹವಾಗಿಸುತ್ತದೆ. ಅಧಿನಿಯಮವು ನಿಷೇಧಿಸದ ಕಾರ್ಯಕ್ಕಾಗಿ ಮಾಡಿದರೆ ವಿನಾಯಿತಿಯುಂಟು, ಅದಕ್ಕೆ ನೆರವಾದವನು ನೆರವು ಪಡೆದವರ ಹೆಸರು ವಿಳಾಸಗಳನ್ನು ಬರೆದಿಡಬೇಕು. ಮಗನು ಕಳುಹಿಸಿದ ಆ ನಾಲ್ಕು ಬಿಲ್ಲೆಗಳನ್ನು ನಾವು ಸದ್ಯಕ್ಕೆ ಹಾಗೆಯೇ ಬಿಟ್ಟಿದ್ದೇವೆ. ಅವು ಹೊರದೇಶಗಳಲ್ಲಿ ಬೇಕಾದಷ್ಟು ಇವೆ.

ತಳದ ಪ್ಲೇಟುಗಳ ಕೆಲಸ ಭಾನುವಾರಗಳಂದು ನಡೆಯುತ್ತಿದೆ. ಪೆನ್ ಡ್ರೈವಿನ ಆ ದೇವರನಾಮವನ್ನು ಸಂಘದ ಕಚೇರಿಯಲ್ಲಿ ಕೇಳಿಸುವ ಏರ್ಪಾಡಾಗಿದೆ. ಹಿಮ್ಮೇಳಕ್ಕೆ ಹಾರ್ಮೋನಿಯಂ, ತಬಲಾ. ಕೊನೆಯಲ್ಲಿ ಯಾರೋ ಕೆಮ್ಮಿದ ಸದ್ದು. ಗಾಯಕಿಯನ್ನು ಬಲ್ಲವರು, ಅಥವಾ ಅದೇ ಪ್ಲೇಟು ಮನೆಯಲ್ಲಿರುವವರು, ದಯವಿಟ್ಟು ತಿಳಿಸಬೇಕು. ಪ್ಲೇಟನ್ನು ಕೊಡಬೇಕಾಗಿಲ್ಲ, ಲೇಬಲ್ಲನ್ನು ಓದಿ ಹೇಳಿದರೆ ಆಯಿತು.